ಮೂರನೇ ಸಲ ಕೇಳುವವರೆಗೆ

ಏಲಕ್ಕಿ ಜಜ್ಜಿದ ವಾಸನೆ ಬಂದರೆ ಬೇರೆಯವರಿಗೆ ಪಾಯಸವೋ ಮದುವೆಮನೆಯೋ ನೆನಪಾಗುತ್ತದೇನೋ. ನನಗೆ ಇಂಗ್ಲಿಷ್ ವ್ಯಾಕರಣ ನೆನಪಾಗುತ್ತದೆ. ಅದರಲ್ಲೂ ವುಡ್, ಶುಡ್, ಮಸ್ಟ್, ಮೇ, ಮೈಟ್ ಎಂಬ ಆ ಸಣ್ಣ ಸಣ್ಣ ಪದಗಳು. ತಾವಾಗಿ ಯಾವ ಕೆಲಸವನ್ನೂ ಮಾಡದೆ, ಪಕ್ಕದ ಕ್ರಿಯಾಪದದ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತು, ಅದು ಮಾಡುವ ಕೆಲಸ ಖಂಡಿತವೋ ಅನುಮಾನವೋ ಅಪ್ಪಣೆಯೋ ಬರೀ ಮರ್ಯಾದೆಯ ಮಾತೋ ಎಂದು ಹೇಳುತ್ತವಲ್ಲ, ಅವು. ನಗಬೇಕೆನಿಸಿದರೆ ನಗಿ. ಗಣಿತದ ಟೀಚರಾದ ನಾನು ಅಡುಗೆಮನೆಯಲ್ಲಿ ನಿಂತು ಇಂಗ್ಲಿಷ್ ವ್ಯಾಕರಣ ನೆನೆಸಿಕೊಳ್ಳುವುದು ನನಗೂ ವಿಚಿತ್ರವೇ.

ಇವತ್ತು ಎರಡನೇ ಶನಿವಾರ. ನಾಳೆ ಚನ್ನಗಿರಿಯಿಂದ ನಮ್ಮ ಮಗಳು ಸಿಂಚನಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ. ಹೊಸ ಟೀ ಪುಡಿ ತಂದಿದ್ದೆ. ಬಂದವರ ಮುಂದೆ ಮಾನ ಹೋಗಬಾರದಲ್ಲ, ಒಂದು ಸಲ ಮಾಡಿ ನೋಡೋಣವೆಂದು ಏಲಕ್ಕಿ ಜಜ್ಜುತ್ತಿದ್ದೆ. ಸಿಂಚನಾ ಹೊನ್ನಾಳಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ದಿನಾ ನ್ಯಾಮತಿಯಿಂದ ಬಸ್ಸಿಗೆ ಹೋಗಿ ಬರುವ ಹುಡುಗಿ, ರಜೆಯಾದ್ದರಿಂದ ಮನೆಯಲ್ಲಿದ್ದಳು. ಫ್ರಿಜ್ಜಿಗೆ ಒರಗಿ ನಿಂತುಕೊಂಡು, "ಅಮ್ಮಾ, ಅವ್ರು ಬರಾದು ಬೇಡ," ಅಂದಳು.

ನಾನು ಏಲಕ್ಕಿಯಿಂದ ಕಣ್ಣೆತ್ತದೆ, "ಆತು ಬಿಡು, ಎಲ್ರೂ ಮೊದ್ಲು ಹಂಗೇ ಅಂತಾರೆ," ಅಂದೆ.

ಅವಳು ಒಳಗೆ ಹೋಗಿ ತನ್ನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಜಜ್ಜಿದ ಏಲಕ್ಕಿಯ ವಾಸನೆ ಮೂಗಿಗೆ ಬಂದದ್ದು ಆಗಲೇ. ಜತೆಗೇ ಜಬೀನಾ ನೆನಪಾದಳು, ಅವಳ ಥರ್ಮಾಸ್ ಫ್ಲಾಸ್ಕ್ ನೆನಪಾಯಿತು, ಹೆಡ್‌ಮಾಸ್ಟರ ಕೋಣೆಯಲ್ಲಿ ಒಬ್ಬ ಹೆಂಗಸು ಊಟದ ಚಮಚ ಕೆಳಗಿಟ್ಟು ನನ್ನನ್ನು ಕೇಳಿದ ಒಂದು ಪ್ರಶ್ನೆ ನೆನಪಾಯಿತು. ನೀರು ಕುದಿಯಲು ಇನ್ನೂ ಹೊತ್ತಿದೆ, ಅಷ್ಟರಲ್ಲಿ ಅದನ್ನೆಲ್ಲ ನಿಮಗೆ ಹೇಳಿಬಿಡುತ್ತೇನೆ.

ಮೊದಲು ನಮ್ಮ ಸೀಮೆಯ ಒಂದು ರೀತಿಯನ್ನು ಹೇಳಬೇಕು. ಇಲ್ಲಿಯವರಾದರೆ ನಿಮಗೆ ಗೊತ್ತೇ ಇರುತ್ತದೆ. ಯಾರ ಮನೆಗೆ ಹೋದರೂ, ಹೊಟ್ಟೆ ಎಷ್ಟೇ ಚುರುಗುಡುತ್ತಿರಲಿ, ಮೊದಲ ಸಲ ಕೇಳಿದಾಗ ಹೂಂ ಅನ್ನುವ ಹಾಗಿಲ್ಲ. "ಟೀ ಕುಡೀತೀರಾ?" "ಅಯ್ಯೋ ಬೇಡ, ಈಗ ತಾನೇ ಕುಡಿದ್ ಬಂದ್ವಿ." "ಒಂಚೂರು ಕುಡೀರಿ." "ಬ್ಯಾಡ್ರಿ, ಸುಮ್ನೆ ಯಾಕೆ ತ್ರಾಸು." ಇಷ್ಟಾದ ಮೇಲೆ ಮೂರನೇ ಸಲ ಕೇಳುತ್ತಾರೆ. ಆಗ, "ಹಂಗಾರೆ ಅರ್ಧ ಲೋಟ ಕೊಡ್ರಿ," ಅನ್ನಬೇಕು. ಅರ್ಧ ಲೋಟ ಅಂದರೆ ತುಂಬಿದ ಲೋಟ ಬರುತ್ತದೆ, ಅದೂ ಇಬ್ಬರಿಗೂ ಗೊತ್ತು. ಒಂದೇ ಸಲಕ್ಕೆ ಹೂಂ ಅಂದವನನ್ನು ಊಟ ಕಾಣದವನು ಅಂದುಕೊಳ್ಳುತ್ತಾರೆ. ಒಂದೇ ಸಲ ಕೇಳಿ ಸುಮ್ಮನಾದವರನ್ನು ಜಿಪುಣರು ಅಂದುಕೊಳ್ಳುತ್ತಾರೆ.

ಇದರಲ್ಲೂ ಊರಿಂದೂರಿಗೆ ವ್ಯತ್ಯಾಸ ಇದೆ. ನಾನು ಹುಟ್ಟಿದ್ದು ಜಗಳೂರು, ಸೇರಿದ್ದು ನ್ಯಾಮತಿ, ನಡುವೆ ಕೆಲಸಕ್ಕೆಂದು ಚನ್ನಗಿರಿ ಕಡೆಯ ನೀರನ್ನೂ ಹೊನ್ನಾಳಿ ಕಡೆಯ ನೀರನ್ನೂ ಕುಡಿದವಳು. ಚನ್ನಗಿರಿಯಲ್ಲಿ ಈ ಕೇಳಾಟ ನಿಧಾನಕ್ಕೆ, ಊರಿನ ಸುದ್ದಿಯ ನಡುನಡುವೆ ನಡೆಯುತ್ತದೆ. ಹೊನ್ನಾಳಿಯವರು ಒಲೆಯ ಮೇಲೆ ಪಾತ್ರೆ ಇಟ್ಟುಕೊಂಡೇ ಕೇಳುತ್ತಾರೆ, ನೀವು ಬೇಡ ಅನ್ನುತ್ತಿರುವಾಗ ಹಾಲು ಉಕ್ಕಿರುತ್ತದೆ. ನ್ಯಾಮತಿಯ ನಮ್ಮ ಅತ್ತೆ, ಎರಡನೇ ಸಲ ಬೇಡ ಅಂದರೆ, "ಯಾಕೆ, ನಮ್ಮನೇದು ಸೇರಲ್ವಾ?" ಎಂದು ಮುಖ ದಪ್ಪ ಮಾಡಿಕೊಳ್ಳುತ್ತಿದ್ದರು. ನಮ್ಮ ಜಗಳೂರಲ್ಲಿ ಮಾತ್ರ ಕೇಳುವುದೇ ಇಲ್ಲ. ಬಿಸಿಲಲ್ಲಿ ಬಂದವರ ಕೈಗೆ ಮೊದಲು ನೀರಿನ ತಂಬಿಗೆ, ಆಮೇಲೆ ಟೀ ಲೋಟ, ಅಷ್ಟೆ. ಈ ನಾಲ್ಕೂ ಊರಿನವರು ನನ್ನ ಮೇಲೆ ಜಗಳಕ್ಕೆ ಬರಬೇಡಿ. ಇದು ನನ್ನ ಹೊಟ್ಟೆಯ ಅನುಭವ, ಸಂಶೋಧನೆ ಅಲ್ಲ.

ಜಬೀನಾ ಸಾಸ್ವೆಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನನ್ನ ಜತೆಗಿದ್ದ ಇಂಗ್ಲಿಷ್ ಟೀಚರು. ಕೆರೆಬಿಳಚಿಯವಳು. ಅಲ್ಲಿ ಅವಳ ಅಪ್ಪನದು ಸ್ಟೌ, ಕುಕ್ಕರ್ ರಿಪೇರಿ ಅಂಗಡಿ. ಅವಳು ಇಂಗ್ಲಿಷ್ ಕಲಿತದ್ದು ಕಾನ್ವೆಂಟಿನಲ್ಲಿ ಅಲ್ಲ, ಕುಕ್ಕರಿನ ಜತೆ ಬರುವ ಸೂಚನೆಯ ಪುಸ್ತಕಗಳಲ್ಲಿ. ರಿಪೇರಿಗೆ ತಂದವರು ಡಬ್ಬಿಯ ಸಮೇತ ಆ ಪುಸ್ತಕವನ್ನೂ ತಂದುಕೊಡುತ್ತಿದ್ದರಂತೆ, ಅದರಲ್ಲಿ ಏನೋ ಔಷಧಿ ಚೀಟಿ ಇದೆಯೆಂಬ ನಂಬಿಕೆಯಲ್ಲಿ. ಶಾಲೆ ಬಿಟ್ಟ ಮೇಲೆ ಹುಡುಗಿ ಅಂಗಡಿಯಲ್ಲಿ ಕೂತು ಅದನ್ನೇ ಓದುವುದು. ಮುಚ್ಚಳ ಸರಿಯಾಗಿ ಕೂತಿರಲೇಬೇಕು, ಅಲ್ಲಿ ಮಸ್ಟ್. ಹಿಡಿ ಬಿಸಿಯಾಗಬಹುದು, ಅಲ್ಲಿ ಮೇ. ರಬ್ಬರು ಹಳೆಯದಾದರೆ ಬದಲಿಸುವುದು ಒಳ್ಳೆಯದು, ಅಲ್ಲಿ ಶುಡ್. ಆವಿಯಿಂದ ಕೈ ಸುಡುವ ಸಂಭವವಿದೆ, ಅಲ್ಲಿ ಕ್ಯಾನ್.

"ಎಲ್ಲಾ ಕಲಿಸ್ತು ಅಕ್ಕಾ ಕುಕ್ಕರ್ರು," ಅನ್ನುತ್ತಿದ್ದಳು ಜಬೀನಾ, "ವುಡ್ ಒಂದು ಬಿಟ್ಟು. ನಿಮಗೆ ಏನು ಬೇಕು, ಏನು ಇಷ್ಟ ಅಂತ ಕುಕ್ಕರ್ ಯಾರನ್ನ ಕೇಳ್ತೈತೆ ಹೇಳ್ರಿ?"

ಒಂದು ವರ್ಷ ಇಂಗ್ಲಿಷ್ ಪಾಠಕ್ಕೆ ಜನ ಸಾಲದೆ, ಎಂಟನೇ ತರಗತಿಯ ಒಂದು ವಿಭಾಗವನ್ನು ನನಗೆ ಅಂಟಿಸಿದರು. ಲೆಕ್ಕ ಗೊತ್ತಿರುವವಳಿಗೆ ಇಂಗ್ಲಿಷ್ ಏನು ಮಹಾ ಎಂದು ಹೆಡ್‌ಮಾಸ್ಟರು ಅಂದುಕೊಂಡರೋ ಏನೋ. ನಾನು ಬಿಡುವಿದ್ದಾಗಲೆಲ್ಲ ಜಬೀನಾಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕಲಿಯತೊಡಗಿದೆ. ನನ್ನ ಬುದ್ಧಿ ಎಲ್ಲಿ ಹೋದೀತು, ಒಂದು ದಿನ ಬೋರ್ಡಿನ ಮೇಲೆ ಸಂಖ್ಯಾರೇಖೆ ಎಳೆದು, ಒಂದು ತುದಿಯ ಸೊನ್ನೆಯಲ್ಲಿ ಕೆನಾಟ್, ಇನ್ನೊಂದು ತುದಿಯ ಒಂದರಲ್ಲಿ ಮಸ್ಟ್, ನಡುವೆ ಮೈಟ್, ಮೇ, ಶುಡ್ ಎಂದು ಚುಕ್ಕೆ ಇಟ್ಟು ಮಕ್ಕಳಿಗೆ ಸಂಭವನೀಯತೆಯ ಪಾಠ ಮಾಡಿದೆ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಜಬೀನಾ ನಕ್ಕು ನಕ್ಕು ಸಾಕಾಗಿ, "ಈ ಗೆರೆ ಮೇಲೆ ವುಡ್ ಎಲ್ಲೈತ್ರಿ?" ಅಂದಳು. ಚುಕ್ಕೆ ಇಡಲು ಜಾಗ ಸಿಗಲಿಲ್ಲ. ಅದು ಎಷ್ಟು ಖಚಿತ ಎಂಬ ಪ್ರಶ್ನೆಗೆ ಬರುವ ಪದವೇ ಅಲ್ಲ, ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಬಾಗಿಲು ತಟ್ಟುವ ಪದ. ಇದು ಹೊಳೆದಾಗ ನನಗೆ ಹೊಸ ಪ್ರಮೇಯ ಸಿಕ್ಕಷ್ಟು ಖುಷಿಯಾಯಿತು.

ಆಮೇಲೆ ಕನ್ನಡವನ್ನೂ ಅನುಮಾನದಿಂದ ನೋಡತೊಡಗಿದೆ. ಅವರ ಕ್ಯಾನ್, ಮೇ, ಮೈಟ್, ಕುಡ್ ಎಲ್ಲಕ್ಕೂ ನಾವು ಬಹುದು ಒಂದರಲ್ಲೇ ಸುಧಾರಿಸುತ್ತೇವೆ, ಒಂದೇ ಈಳಿಗೆಯಲ್ಲಿ ತರಕಾರಿಯನ್ನೂ ತೆಂಗಿನಕಾಯಿಯನ್ನೂ ನಿಭಾಯಿಸುವ ಹಾಗೆ. ಬೇಕು ಅನ್ನುವುದು ಇನ್ನೂ ಸೋಜಿಗ. ನನಗೆ ಸೀರೆ ಬೇಕು ಅನ್ನುವುದಕ್ಕೂ ಬೆಳಗ್ಗೆ ಐದಕ್ಕೆ ಏಳಬೇಕು ಅನ್ನುವುದಕ್ಕೂ ಅದೇ ಬೇಕು. ಆಸೆಯೂ ಕಡ್ಡಾಯವೂ ನಮ್ಮಲ್ಲಿ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಇದನ್ನೆಲ್ಲ ಬಸ್ಸಿನಲ್ಲಿ ಜಬೀನಾಳಿಗೆ ಹೇಳುತ್ತಿದ್ದೆ. ಅವಳಿಗೆ ಇಂಥ ಮಾತೆಂದರೆ ಪ್ರಾಣ, ಇಳಿಯುವ ಸ್ಟಾಪು ದಾಟಿದ್ದೂ ಉಂಟು.

ವುಡ್ ಕಲಿಸುವ ಪಾಠಕ್ಕೆ ಜಬೀನಾ ಮನೆಯಿಂದ ಫ್ಲಾಸ್ಕಿನಲ್ಲಿ ಏಲಕ್ಕಿ ಟೀ ತರುತ್ತಿದ್ದಳು. ನಿಜವಾದ ಟೀ, ನಿಜವಾದ ಸ್ಟೀಲ್ ಲೋಟ. ಮುಚ್ಚಳ ತೆಗೆದರೆ ಸಾಕು, ಇಡೀ ತರಗತಿ ಮೂಗರಳಿಸುತ್ತಿತ್ತು. ಮೊದಲ ಬೆಂಚಿನ ನೇತ್ರಾವತಿಯ ಮುಂದೆ ಲೋಟ ಹಿಡಿದು, "ವುಡ್ ಯು ಲೈಕ್ ಸಮ್ ಟೀ?" ಎಂದು ಕೇಳುವಳು.

ನೇತ್ರಾವತಿ ಕಣ್ಣನ್ನು ಲೋಟದ ಮೇಲೇ ಇಟ್ಟು, "ನೋ, ಥ್ಯಾಂಕ್ಯು ಮಿಸ್," ಅನ್ನುವಳು.

"ಪುಸ್ತಕದಾಗೆ ಎಸ್ ಪ್ಲೀಸ್ ಅಂತ ಐತಲ್ಲ?"

"ಐತೆ ಮಿಸ್."

"ಮತ್ತೆ?"

"ಒಂದೇ ಸಲಕ್ಕೆ ಹೆಂಗ್ ಮಿಸ್ ಹೂಂ ಅನ್ನಾದು? ನಮ್ಮವ್ವ ಬೈತಾಳೆ."

ಹೀಗೆ ಒಬ್ಬರ ನಂತರ ಒಬ್ಬರು, ಇಡೀ ತರಗತಿ ನೋ ಥ್ಯಾಂಕ್ಯು ಅಂದು ಟೀ ಆರಿಹೋಗುತ್ತಿತ್ತು. ಕೊನೆಗೆ ಜಬೀನಾ ಪುಸ್ತಕವನ್ನೇ ನಮ್ಮ ಕಡೆಗೆ ಬಗ್ಗಿಸಿಕೊಂಡಳು. ಮೊದಲ ಸಲ ವುಡ್ ಯು ಲೈಕ್ ಸಮ್ ಟೀ, ಎರಡನೇ ಸಲ ಯು ಶುಡ್ ಹ್ಯಾವ್ ಸಮ್ ಟೀ, ಮೂರನೇ ಸಲ ಯು ಮಸ್ಟ್. ಮೂರನೆಯದಕ್ಕೆ ಮಕ್ಕಳು ಒಕ್ಕೊರಲಿನಿಂದ ಎಸ್ ಪ್ಲೀಸ್ ಎಂದು ಕೂಗುವರು. ಒಂದು ಲೋಟ ಟೀಯಲ್ಲಿ ಮೂರು ಪದಗಳು ಬಂದುಹೋಗುತ್ತಿದ್ದವು. ಇಂಗ್ಲಿಷರು ಅಷ್ಟೆಲ್ಲ ಪದಗಳನ್ನು ಮಾಡಿಟ್ಟುಕೊಂಡದ್ದೇ ನಮ್ಮೂರಿನ ಉಪಚಾರಕ್ಕೆ ಎಂದು ನನಗೆ ಆಗ ಅನ್ನಿಸುತ್ತಿತ್ತು.

ಇಂಥ ಜಬೀನಾಳಿಗೆ ಒಂದೇ ಒಂದು ಆಸೆ ಇತ್ತು. ಪುಣೆಯಲ್ಲಿ ಭಾಷಾ ಶಿಕ್ಷಕರಿಗೆ ಮೂರು ತಿಂಗಳ ಒಂದು ಕೋರ್ಸು ನಡೆಯುತ್ತಿತ್ತು, ಅಲ್ಲಿಗೆ ಹೋಗಬೇಕೆಂದು. "ನಾನು ಕಲಿಸ್ತಾ ಇರಾದು ಸರಿನಾ ತಪ್ಪಾ ಅಂತ ಇಲ್ಲಿವರ್ಗೂ ಯಾರೂ ಹೇಳಿಲ್ಲ ಅಕ್ಕಾ. ಕುಕ್ಕರ್ ಆದ್ರೂ ಸೀಟಿ ಹೊಡೀತೈತೆ," ಅನ್ನುತ್ತಿದ್ದಳು. ಮನೆಯಲ್ಲಿ ಅಡ್ಡಿ ಇರಲಿಲ್ಲ, ಅವಳ ಅಪ್ಪನಂತೂ ಯಾವಾಗ ಹೊರಡುತ್ತೀಯ ಎಂದು ಆಗಲೇ ಟ್ರಂಕಿಗೆ ಹೊಸ ಚಿಲಕ ಹಾಕಿಟ್ಟಿದ್ದರು. ತಾಲ್ಲೂಕಿಗೆ ಒಬ್ಬರನ್ನು ಮಾತ್ರ ಆರಿಸುವುದು, ಅದಕ್ಕೆ ಪುಣೆಯಿಂದಲೇ ಒಬ್ಬರು ಬಂದು ಪಾಠ ನೋಡುವುದು ಎಂದು ಸುದ್ದಿ ಬಂತು. ಬಂದೇಬಿಟ್ಟರು ಒಂದು ದಿನ. ತೆಳ್ಳಗಿನ ಹೆಂಗಸು, ನೂಲಿನ ಸೀರೆ, ಮೃದು ಮಾತು, ಕನ್ನಡ ಒಂದಕ್ಷರ ಬಾರದು. ನಾವು ಮೇಡಂ ಎಂದೇ ಕರೆದೆವು.

ಮೇಡಂ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕವೇ ಕೂತು ಏಲಕ್ಕಿ ಟೀಯ ಪಾಠ ನೋಡಿದರು. ಮಕ್ಕಳು ಮೂರನೇ ಸಲಕ್ಕೆ ಎಸ್ ಪ್ಲೀಸ್ ಎಂದು ಕೂಗಿದಾಗ ತಾವೂ ಚಪ್ಪಾಳೆ ತಟ್ಟಿದರು. ಪಾಠ ಮುಗಿದ ಮೇಲೆ ವರಾಂಡದಲ್ಲಿ ಜಬೀನಾಳ ಕೈ ಹಿಡಿದುಕೊಂಡು, ಇಂಥ ಪಾಠ ನೋಡಿ ಎಷ್ಟೋ ದಿನವಾಯಿತೆಂದು ಹೇಳಿ, ನೇರವಾಗಿ ಕೇಳಿದರು: "ವುಡ್ ಯು ಲೈಕ್ ಟು ಕಮ್ ಟು ಪುಣೆ?"

ನಾನು ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದೆ. ಜಬೀನಾಳ ಮುಖ ಅರಳಿದ್ದು ಕಣ್ಣಾರೆ ಕಂಡೆ. ಅರಳಿದ ಮುಖದಲ್ಲೇ ಅವಳು, "ನೋ ನೋ ಮೇಡಂ, ಇಟ್ಸ್ ಆಲ್ ರೈಟ್," ಅಂದಳು.

"ಆಫ್ ಕೋರ್ಸ್," ಅಂದರು ಮೇಡಂ, "ಐ ಅಂಡರ್‌ಸ್ಟ್ಯಾಂಡ್." ಅವಳ ಕೈಯನ್ನು ಇನ್ನೊಮ್ಮೆ ಒತ್ತಿ, ಹೆಡ್‌ಮಾಸ್ಟರ ಕೋಣೆಗೆ ಊಟಕ್ಕೆ ಹೊರಟುಹೋದರು.

ಜಬೀನಾ ಅಲ್ಲೇ ನಿಂತಿದ್ದಳು. ಎರಡನೇ ಸಲದ ಪ್ರಶ್ನೆ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು ಎಂದರೆ ನೀವು ನಂಬಬೇಕು. ಮೇಡಂ ವರಾಂಡದ ತುದಿ ತಿರುಗಿ ಕಾಣದಾದ ಮೇಲೆ ಅವಳಿಗೆ ಅರ್ಥವಾಯಿತು. ಸ್ಟಾಫ್ ರೂಮಿಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತಳು. "ವರ್ಷಾನುಗಟ್ಲೆ ಎಸ್ ಪ್ಲೀಸ್ ಕಲಿಸ್ದೋಳು ನಾನು," ಎಂದು ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅವಳನ್ನು ನೋಡಲಾಗಲಿಲ್ಲ. ಎದ್ದು ಹೆಡ್‌ಮಾಸ್ಟರ ಕೋಣೆಗೆ ನಡೆದೆ.

ಅಲ್ಲಿ ಮೇಡಂ ಚಿತ್ರಾನ್ನ ತಿನ್ನುತ್ತಿದ್ದರು. ನನ್ನ ಇಂಗ್ಲಿಷನ್ನು ಇಲ್ಲಿ ಇದ್ದ ಹಾಗೆ ಬರೆದರೆ ನನ್ನ ವಿದ್ಯಾರ್ಥಿಗಳು ಓದಿ ನಗುತ್ತಾರೆ, ಆದರೂ ಬರೆಯುತ್ತೇನೆ. "ಮೇಡಂ, ಹರ್ ನೋ ಈಸ್ ಫಸ್ಟ್ ನೋ. ಯು ಶುಡ್ ಆಸ್ಕ್ ಅಗೈನ್. ಯು ಮಸ್ಟ್ ಆಸ್ಕ್ ಅಗೈನ್. ಯು ಸಾ ದಿ ಟೀ, ಮೇಡಂ." ಕಲಿತ ಪದಗಳನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡಿದ್ದೆ. ಹೆಡ್‌ಮಾಸ್ಟರು ನನ್ನನ್ನೇ ನೋಡಿದರು. ಗಣಿತದವಳ ಬಾಯಲ್ಲಿ ಅಷ್ಟು ಇಂಗ್ಲಿಷ್ ಅವರು ಕೇಳಿರಲಿಲ್ಲ.

ಮೇಡಂ ಚಮಚ ಕೆಳಗಿಟ್ಟರು. ಟೀಯ ಮಾತು ಬಂದಾಗ ಅವರಿಗೆ ಹೊಳೆಯಿತು. ಅದು ವ್ಯಾಕರಣದ ಅಭ್ಯಾಸವೆಂದು ತಿಳಿದಿದ್ದೆ, ನಿಮ್ಮ ಬದುಕೇ ಹಾಗೆಂದು ಗೊತ್ತಿರಲಿಲ್ಲ ಅಂದರು. ಆಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಚುಚ್ಚಿ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಮೊದಲ ಸಲದ ನೋ ನಿಜವಾದ ನೋ ಅಲ್ಲ, ಎರಡನೆಯದೂ ಅಲ್ಲ. ಹಾಗಾದರೆ ನಿಮ್ಮೂರ ಹೆಣ್ಣುಮಕ್ಕಳು ನಿಜವಾಗಿ ಬೇಡವಾದಾಗ ಏನೆನ್ನುತ್ತಾರೆ?

ನಾನು ಹೆಡ್‌ಮಾಸ್ಟರ ಮುಖ ನೋಡಿದೆ. ಅವರು ಎದ್ದು ಮೇಡಂ ತಟ್ಟೆಗೆ ಇನ್ನಷ್ಟು ಚಿತ್ರಾನ್ನ ಬಡಿಸಲು ಹೋದರು. "ನೋ, ಥ್ಯಾಂಕ್ಯು," ಅಂದರು ಮೇಡಂ. ಹೆಡ್‌ಮಾಸ್ಟರು ಬಡಿಸಿಯೇ ಬಿಟ್ಟರು.

ಊಟ ಮುಗಿಸಿ ಮೇಡಂ ತಾವೇ ಸ್ಟಾಫ್ ರೂಮಿಗೆ ಬಂದರು. ಜಬೀನಾ ಗಾಬರಿಯಿಂದ ಎದ್ದು ನಿಂತಳು. ಅವರು ಹೇಳಿದ್ದು ಇಷ್ಟೆ: ನಿಮ್ಮ ಗೆಳತಿ ಇನ್ನೊಮ್ಮೆ ಕೇಳಿ ಅನ್ನುತ್ತಾರೆ. ನಾನು ಕೇಳುವುದಿಲ್ಲ. ನೀವು ಬೇಡ ಅಂದದ್ದನ್ನು ಬೇಡ ಎಂದೇ ತಿಳಿಯುವುದು ನಿಮಗೆ ನಾನು ಕೊಡುವ ಮರ್ಯಾದೆ. ಆದರೆ ಸಂಜೆ ಗಾಡಿ ಬರುವವರೆಗೆ ಇಲ್ಲೇ ಇರುತ್ತೇನೆ. ಮನಸ್ಸು ಬೇರೆ ಇದ್ದರೆ ಬಂದು ಹೇಳಬಹುದು. "ಯು ಕ್ಯಾನ್ ಟೆಲ್ ಮಿ," ಅಂದರು.

ಅವರು ಹೋದ ಮೇಲೆ ಜಬೀನಾ ನನ್ನ ಮೇಲೆ ತಿರುಗಿಬಿದ್ದಳು. "ಯಾಕ್ ಹೋಗಿ ಹೇಳಿದ್ರಿ ಅಕ್ಕಾ? ಅವ್ರು ಕೇಳಿದ್ರೆ ಹೂಂ ಅನ್ಬೋದಿತ್ತು. ಈಗ ನಾನೇ ಹೋಗಿ ಬೇಕು ಅನ್ಬೇಕು. ಅದು ಹೆಂಗ್ರೀ ಬರ್ತೈತೆ ಬಾಯಿಗೆ?"

"ಐ ಮೇ ಕಮ್ ಅನ್ನು," ಅಂದೆ ನಾನು.

"ಅದು ಅಪ್ಪಣೆ ಕೇಳ್ದಂಗೆ."

"ಐ ಮೈಟ್ ಕಮ್?"

"ಬಂದ್ರೂ ಬಂದೆ, ಇಲ್ಲ ಅಂದ್ರೆ ಇಲ್ಲ ಅಂದಂಗೆ. ಅಹಂಕಾರ ಅಂದ್ಕೊಂತಾರೆ."

"ಐ ಕುಡ್ ಕಮ್, ಇಫ್ ಯು ಸೇ?"

ಅವಳು ತಲೆ ಅಲ್ಲಾಡಿಸಿದಳು. ಇಬ್ಬರೂ ಕೂತು, ಬೇಕು ಎಂಬುದನ್ನು ಬೇಕು ಅನ್ನದೆ ಹೇಳುವ ಒಂದು ಇಂಗ್ಲಿಷ್ ಪದಕ್ಕಾಗಿ ಇಡೀ ವ್ಯಾಕರಣ ಜಾಲಾಡಿದೆವು. ಪ್ರತಿ ಪದದ ಹಿಂದೆಯೂ ಅಡಗಿಕೊಳ್ಳಲು ಸ್ವಲ್ಪ ಸ್ವಲ್ಪ ಜಾಗ ಇತ್ತು, ಪೂರ್ತಿ ಜಾಗ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಅವಳು ತರಗತಿಗೆ ಹೋಗಿ ಕೊನೆಯ ಪೀರಿಯಡ್ಡಿನ ಪಾಠ ಮಾಡಿದಳು. ಏನು ಮಾಡಿದಳೋ ದೇವರೇ ಬಲ್ಲ, ಮಕ್ಕಳನ್ನು ಕೇಳಿದರೆ ಮಿಸ್ ಸುಮ್ಮನೆ ಕಿಟಕಿ ನೋಡುತ್ತಿದ್ದರು ಅಂದರು.

ಗಾಡಿ ಬಂದು ಗೇಟಿನ ಹತ್ತಿರ ನಿಂತಾಗ ಜಬೀನಾ ತರಗತಿಯಿಂದ ಇಳಿದು ಆಟದ ಬಯಲಿಗೆ ಅಡ್ಡಲಾಗಿ ನಡೆಯತೊಡಗಿದಳು. ನೇತ್ರಾವತಿಯ ಗುಂಪು ಕಿಟಕಿಯ ಸರಳುಗಳಿಗೆ ಜೋತುಬಿದ್ದಿತ್ತು. ನಾನು ಹಿಂದೆ ಹಿಂದೆ ಹೋದೆ. ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ಹೆಡ್‌ಮಾಸ್ಟರ ಕೋಣೆಯ ಬಾಗಿಲಿಗೆ ಬಂದಿದ್ದರು. ಜಬೀನಾ ಮೆಟ್ಟಿಲ ಕೆಳಗೇ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಐ ವುಡ್ ಲೈಕ್ ಟು ಕಮ್, ಮೇಡಂ," ಅಂದಳು. ಸಾಲದು ಅನ್ನಿಸಿತೇನೋ, ಸೆರಗು ಬಿಟ್ಟು, ಇನ್ನೂ ಸ್ವಲ್ಪ ಗಟ್ಟಿಯಾಗಿ, "ಐ ವುಡ್ ಲೈಕ್ ಇಟ್ ವೆರಿ ಮಚ್," ಅಂದಳು.

ನಮ್ಮ ಕಡೆಯ ಒಬ್ಬ ಹೆಂಗಸು, ಯಾರೂ ಕೇಳದಿದ್ದಾಗ, ತನಗೆ ಇಂಥದ್ದು ಬೇಕೆಂದು ಇನ್ನೊಬ್ಬರ ಮುಖ ನೋಡಿ ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪುಣೆಗೆ ಹೋಗುವವಳು ನಾನೇ ಏನೋ ಅನ್ನಿಸಿತು. ಮೇಡಂ ನಕ್ಕು, "ಗುಡ್," ಅಂದರು. ಅಷ್ಟೆ.

ಜಬೀನಾ ಪುಣೆಗೆ ಹೋದಳು, ಅಪ್ಪನ ಹೊಸ ಚಿಲಕದ ಟ್ರಂಕಿನ ಸಮೇತ. ವಾಪಸು ಬಂದವಳನ್ನು ನಾನು ಮೊದಲು ಕೇಳಿದ್ದು ಕೋರ್ಸಿನ ವಿಷಯವನ್ನಲ್ಲ, "ಯಾಕೆ ಇಷ್ಟು ಸೊರಗೀಯ?" ಎಂದು. "ಮೆಸ್ಸಿನಾಗೆ ಒಂದೇ ಸಲ ಕೇಳ್ತಾರೆ ಅಕ್ಕಾ," ಅಂದಳು. "ಚಪಾತಿ ಅಂತ ಕೇಳಿದ್ರೆ ನಾನು ಬೇಡ ಅಂತಿದ್ದೆ, ಅವ್ನು ಮುಂದೆ ಹೋಗಿಬಿಡಾನು. ಮೊದಲ್ನೇ ವಾರ ಅರೆಹೊಟ್ಟೆ. ಆಮೇಲೆ ಕಲ್ತೆ. 'ಬೇಕು, ಎರಡು,' ಅಂತ ತಟ್ಟೆ ಹಿಡಿದೆ. ಅಲ್ಲಿ ಕಲ್ತಿದ್ದರಾಗೆ ಅದೇ ದೊಡ್ಡದು." ಈಗ ಅವಳು ಜಗಳೂರಿನ ಕಡೆ ಒಂದು ಶಾಲೆಗೆ ಹೆಡ್‌ಮಿಸ್ಟ್ರೆಸ್ಸು. ಮೊನ್ನೆ ಫೋನು ಮಾಡಿ, "ನಿಮ್ಮೂರಾಗೆ ಕೇಳಾದೇ ಇಲ್ಲಲ್ರೀ, ಕೈಗೇ ಕೊಟ್ಬಿಡ್ತಾರೆ. ನಾನು ಕಲ್ತ ಇಂಗ್ಲಿಷೆಲ್ಲ ದಂಡ," ಎಂದು ನಗುತ್ತಿದ್ದಳು.

ಮೇಡಂ ಕೇಳಿದ ಪ್ರಶ್ನೆಗೆ ಮಾತ್ರ ನಾನು ಉತ್ತರ ಹುಡುಕುತ್ತಲೇ ಇದ್ದೇನೆ. ಮೂರು ಸಲ ಕೇಳುವ ನಮ್ಮ ರೀತಿ ನನಗೆ ಈಗಲೂ ಇಷ್ಟವೇ. ಹಸಿದು ಬಂದವನು ಹಸಿವೆ ಎಂದು ಬಾಯಿಬಿಟ್ಟು ಹೇಳುವ ಅವಮಾನ ಬೇಡವೆಂದು ಯಾರೋ ಕರುಣೆಯುಳ್ಳವರೇ ಇದನ್ನು ಮಾಡಿಟ್ಟಿರಬೇಕು. ಆದರೆ ಟೀಗೆ ಮಾಡಿಟ್ಟದ್ದನ್ನು ನಾವು ಎಲ್ಲದಕ್ಕೂ ಎಳೆದುಕೊಂಡೆವು.

ನ್ಯಾಮತಿಯವರು ನನ್ನನ್ನು ನೋಡಲು ಬಂದಾಗ ನಾನು ಡಿಗ್ರಿ ಮುಗಿಸಿ ಎಂ.ಎಸ್ಸಿ. ಸೇರಬೇಕೆಂದಿದ್ದೆ. ಜಗಳೂರಿನ ಮನೆಯ ಪಡಸಾಲೆಯಲ್ಲಿ ದೊಡ್ಡಪ್ಪ, "ಏನವ್ವ, ಒಪ್ಪಿಗೆನಾ?" ಎಂದು ಎಲ್ಲರೆದುರು ಕೇಳಿದರು. "ಈಗ ಬೇಡ ದೊಡ್ಡಪ್ಪ," ಅಂದೆ. ಎಲ್ಲರೂ ಸಂತೋಷದಿಂದ ನಕ್ಕರು. ಹುಡುಗಿ ಮರ್ಯಾದಸ್ಥೆ, ಒಂದೇ ಸಲಕ್ಕೆ ಹೂಂ ಅನ್ನಲಿಲ್ಲ ಎಂದು ಗಂಡಿನ ಕಡೆಯವರಿಗೆ ನಾನು ಇನ್ನಷ್ಟು ಹಿಡಿಸಿಬಿಟ್ಟೆ. ಎರಡನೇ ಸಲ ಕೇಳಿದಾಗ ತಲೆ ತಗ್ಗಿಸಿದೆ. ಮೂರನೇ ಸಲ ಕೇಳುವ ಹೊತ್ತಿಗೆ ತಾಂಬೂಲದ ತಟ್ಟೆ ಬದಲಾಗಿತ್ತು. ನಮ್ಮ ಮನೆಯವರು ಒಳ್ಳೆಯವರು, ನಮ್ಮ ಸಂಸಾರ ಚೆನ್ನಾಗಿಯೇ ನಡೆದಿದೆ, ಮಾತು ಅದಲ್ಲ. ನಾನು ಅಂದ ಆ ಬೇಡ ಎಲ್ಲಿ ಹೋಯಿತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಅದನ್ನು ಯಾರೂ ತಳ್ಳಿಹಾಕಲಿಲ್ಲ, ಯಾರೂ ಬೈಯಲಿಲ್ಲ. ಕೇಳಿಸಿಕೊಳ್ಳಲಿಲ್ಲ, ಅಷ್ಟೆ. ಅದಕ್ಕೆ ನನಗೆ ಈ ವಯಸ್ಸಿನಲ್ಲೂ ದುಃಖವಾಗುತ್ತದೆ.

ನೀರು ಕುದಿಯುತ್ತಿತ್ತು. ಜಜ್ಜಿದ ಏಲಕ್ಕಿ ಇನ್ನೂ ನನ್ನ ಕೈಯಲ್ಲೇ ಇತ್ತು. ಎಲ್ಲರೂ ಮೊದಲು ಹಾಗೇ ಅನ್ನುತ್ತಾರೆ ಎಂದು ನಾನು ಸ್ವಲ್ಪ ಹೊತ್ತಿನ ಮುಂಚೆ ಹೇಳಿದ ಮಾತು ಮನೆಯಲ್ಲಿ ಎಲ್ಲೋ ನಿಂತೇ ಇದೆ ಅನ್ನಿಸಿತು. ಸಿಂಚನಾಳ ಕೋಣೆಯ ಬಾಗಿಲವರೆಗೂ ಹೋದೆ. ಯಾಕೆ ಬೇಡ, ಹುಡುಗ ಚೆನ್ನಾಗಿದ್ದಾನಲ್ಲ, ಬಂದು ಹೋಗಲಿ ಬಿಡು, ನೋಡಿದರೆ ಏನು ಗಂಟು ಹೋಗುತ್ತದೆ. ಎಲ್ಲ ಮಾತೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಒಂದನ್ನೂ ಆಡಲಿಲ್ಲ. ಹಿಂದಿರುಗಿ ಬಂದು ಏಲಕ್ಕಿ, ಟೀ ಪುಡಿ ಹಾಕಿ, ಉರಿ ಸಣ್ಣ ಮಾಡಿ, ಚನ್ನಗಿರಿಗೆ ಫೋನು ಮಾಡಿದೆ.

ಹುಡುಗನ ತಾಯಿಯೇ ಎತ್ತಿಕೊಂಡರು. "ನಾಳೆ ಬರಾದು ಬೇಡ್ರಿ, ತಪ್ಪು ತಿಳ್ಕೋಬೇಡ್ರಿ. ನಮ್ಮ ಹುಡುಗಿ ಬೇಡ ಅಂದಾಳೆ," ಅಂದೆ.

ಆ ಕಡೆಯಿಂದ ನಗು ಕೇಳಿಸಿತು. ಒಳ್ಳೆಯ ಮನಸ್ಸಿನ ನಗುವೇ. "ಅಯ್ಯೋ ಅದಕ್ಕೇನು ಬಿಡ್ರಿ, ಎಲ್ರೂ ಮೊದ್ಲು ಹಂಗೇ ಅಂತಾರೆ. ನಾವು ಬಂದು ಹೋಗ್ತೀವಿ."

"ಇಲ್ರಿ," ಅಂದೆ. "ನಮ್ಮ ಹುಡುಗಿ ಒಂದೇ ಸಲ ಹೇಳಾದು."

ಆ ಕಡೆಯ ನಗು ನಿಂತಿತು. ಆಮೇಲೆ, "ಹಂಗಾ. ಆತು ಹಂಗಾರೆ," ಎಂದು ಫೋನು ಇಟ್ಟರು. ನಾನು ತಿರುಗಿ ನೋಡಿದರೆ ಸಿಂಚನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಒಳಗೆ ಬಂದು ಶೆಲ್ಫಿನಿಂದ ಲೋಟ ತೆಗೆದು ಒಲೆಯ ಪಕ್ಕ ಇಟ್ಟಳು. "ನಂಗೆ ಟೀ ಬೇಕು," ಅಂದಳು.

ಜಗುಲಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರಿಗೆ ಫೋನಿನ ಮಾತೆಲ್ಲ ಕೇಳಿಸಿತ್ತು. "ಬೇಡ ಅಂದ್ಲಾ? ಸರಿ ಬಿಡು," ಅಂದರು. ಟೀ ಕುಡಿಯುತ್ತೀರಾ ಎಂದು ಕೇಳಿದೆ. ಈಗ ತಾನೇ ಕುಡಿದೆ, ಬೇಡ ಅಂದರು. ಎರಡನೇ ಸಲ ಕೇಳಲಿಲ್ಲ, ಎರಡು ಲೋಟಕ್ಕೆ ಬಗ್ಗಿಸಿ ಪಾತ್ರೆ ಖಾಲಿ ಮಾಡಿದೆ. ಸ್ವಲ್ಪ ಹೊತ್ತಿಗೆ ಏಲಕ್ಕಿಯ ವಾಸನೆ ಹಿಡಿದು ಒಳಗೆ ಬಂದವರು ಪಾತ್ರೆ ಬಗ್ಗಿ ನೋಡಿ, "ಇನ್ನೊಂದ್ಸಲ ಕೇಳಬಾರ್ದಾ?" ಅಂದರು. ಸಿಂಚನಾ ನಗುತ್ತ ಇನ್ನೊಂದು ಲೋಟ ತೆಗೆದು, ತನ್ನದರಲ್ಲಿ ಅರ್ಧ ಅದಕ್ಕೆ ಬಗ್ಗಿಸಿ, ಏನೂ ಕೇಳದೆ ಅವರ ಕೈಗಿಟ್ಟಳು.